ವಿಂಡೋಸ್ 11 ಬೇಡ ಅಂದರೂ ಬಿಡ್ತಿಲ್ಲ, ತಡೆಯೋದು ಹೇಗೆ?

ಲಗ್ನಪತ್ರಿಕೆ_ಡಿವಿಜಿ:
ನಾನು ದಾವಣಗೆರೆ ಪಿ.ಜೆ. ಬಡಾವಣೆಯವನು. ಮನೆಯಲ್ಲೇ ಮದುವೆ, ಗೃಹಪ್ರವೇಶದ ಕಾರ್ಡು ಟೈಪ್ ಮಾಡಿಕೊಡುತ್ತೇನೆ. ವಿಂಡೋಸ್ 10 ಹೋಮ್, ಹಳೇ ನುಡಿ ಸಾಫ್ಟ್‌ವೇರ್, ಅದಕ್ಕಿಂತ ಹಳೇ ಲೇಸರ್ ಪ್ರಿಂಟರ್, ಮೂರೂ ತಕರಾರಿಲ್ಲದೆ ನಡೀತಿವೆ. ಈಗ ಅಪ್‌ಡೇಟ್ ಪುಟ ತೆರೆದರೆ ಸಾಕು, ವಿಂಡೋಸ್ 11 ರೆಡಿ ಅಂತ ದೊಡ್ಡ ಬಟನ್. ಸದ್ಯಕ್ಕೆ 10ರಲ್ಲೇ ಇರುತ್ತೇನೆ ಅನ್ನೋದು ಮಾತ್ರ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ, ಹುಡುಕಿ ಒತ್ತಬೇಕು. ಮಗಳು ಪ್ರಾಜೆಕ್ಟ್ ಕೆಲಸಕ್ಕೆ ಕೂತಾಗ ತಿಳಿಯದೆ ದೊಡ್ಡದನ್ನೇ ಒತ್ತಿದರೆ ಏನು ಗತಿ? ಮದುವೆ ಸೀಸನ್ ಬೇರೆ. ಯೂಟ್ಯೂಬ್ ನೋಡಿ, ಇಂಥದ್ದನ್ನೆಲ್ಲ ತಡೆಯೋ ಗ್ರೂಪ್ ಪಾಲಿಸಿ ಅನ್ನೋ ಸೆಟ್ಟಿಂಗ್ ಹುಡುಕಿದೆ, ನನ್ನದರಲ್ಲಿ ಅದು ಇಲ್ಲವೇ ಇಲ್ಲ.

ಕೋಟೆ_ಹುಡುಗ (ಚಿತ್ರದುರ್ಗ):
ಸಿಂಪಲ್ ಅಣ್ಣ. ಸರ್ವೀಸಸ್‌ಗೆ ಹೋಗಿ ವಿಂಡೋಸ್ ಅಪ್‌ಡೇಟ್ ಅನ್ನೋದನ್ನೇ ಬಂದ್ ಮಾಡಿ. ಆಮೇಲೆ ಯಾರ ಕಾಟವೂ ಇಲ್ಲ.

ಸಿಸ್ಟಂ_ರಿಪೇರಿ:
ಬೇಡ ಸರ್, ಅದನ್ನು ಮಾಡಬೇಡಿ. ಒಂದು, ವಿಂಡೋಸ್ ಅದನ್ನು ತಾನಾಗಿಯೇ ಮತ್ತೆ ಆನ್ ಮಾಡಿಕೊಳ್ಳುತ್ತೆ, ಅದಕ್ಕೇ ಅಂತ ಇನ್ನೊಂದು ಸರ್ವೀಸ್ ಒಳಗೆ ಕೂತಿದೆ. ಇನ್ನೊಂದು, ಆಫ್ ಆಗೇ ಉಳಿದರೆ ಸೆಕ್ಯುರಿಟಿ ಅಪ್‌ಡೇಟೂ ನಿಲ್ಲುತ್ತೆ. ಗಿರಾಕಿಗಳು ಪೆನ್‌ಡ್ರೈವ್ ಚುಚ್ಚೋ ಸಿಸ್ಟಂ ನಿಮ್ಮದು, ಅಲ್ವಾ? ನಿಲ್ಲಿಸಬೇಕಾದ್ದು 11ನ್ನು ಮಾತ್ರ.

ಹೋಮ್‌ನಲ್ಲಿ ಗ್ರೂಪ್ ಪಾಲಿಸಿ ಎಡಿಟರ್ ಬರಲ್ಲ, ನಿಜ. ಆದರೆ ಅದು ಬರೆಯೋದು ರಿಜಿಸ್ಟ್ರಿಯಲ್ಲೇ (ವಿಂಡೋಸ್ ತನ್ನ ಸೆಟ್ಟಿಂಗ್ಸ್ ಇಟ್ಟುಕೊಳ್ಳೋ ಜಾಗ), ರಿಜಿಸ್ಟ್ರಿ ಎಡಿಟರ್ ತೆರೆದು ನಾವೇ ಬರೆದರಾಯ್ತು. ಮೊದಲು ರಿಜಿಸ್ಟ್ರಿ ಬ್ಯಾಕಪ್ ತೆಗೀರಿ. ಲೋಕಲ್ ಮಷೀನ್ ಒಳಗೆ ಸಾಫ್ಟ್‌ವೇರ್, ಪಾಲಿಸೀಸ್, ಮೈಕ್ರೋಸಾಫ್ಟ್, ವಿಂಡೋಸ್, ವಿಂಡೋಸ್‌ಅಪ್‌ಡೇಟ್ ಅಂತ ಒಂದರೊಳಗೊಂದು ಹೋಗಿ, ಕೊನೇದು ಇಲ್ಲದಿದ್ದರೆ ಮಾಡಿಕೊಳ್ಳಿ. ಅಲ್ಲಿ ಟಾರ್ಗೆಟ್‌ರಿಲೀಸ್‌ವರ್ಷನ್ ಅನ್ನೋ ಡಿವರ್ಡ್‌ಗೆ (ಅಂಕಿ ಹಾಕೋ ನಮೂದು) 1 ಕೊಡಿ. ಪ್ರಾಡಕ್ಟ್‌ವರ್ಷನ್ ಅನ್ನೋ ಸ್ಟ್ರಿಂಗ್‌ಗೆ (ಅಕ್ಷರ ಹಾಕೋ ನಮೂದು) ವಿಂಡೋಸ್ 10, ಟಾರ್ಗೆಟ್‌ರಿಲೀಸ್‌ವರ್ಷನ್‌ಇನ್ಫೋ ಅನ್ನೋ ಸ್ಟ್ರಿಂಗ್‌ಗೆ 22ಎಚ್2 (10ರ ಕೊನೇ ಆವೃತ್ತಿ). ಎಲ್ಲ ಇಂಗ್ಲಿಷಲ್ಲೇ ಟೈಪ್ ಮಾಡಿ; ನಮೂದುಗಳ ಹೆಸರಲ್ಲಿ ನಡುವೆ ಜಾಗ ಬೇಡ, ವಿಂಡೋಸ್ 10 ಅನ್ನೋದರಲ್ಲಿ ಮಾತ್ರ 10ರ ಮುಂಚೆ ಜಾಗ ಬಿಡಿ, ಆಮೇಲೆ ರೀಸ್ಟಾರ್ಟ್. ಇಷ್ಟೆಲ್ಲ ಕೈಯಾಡಿಸೋಕೆ ಭಯ ಅಂದರೆ ಜಿಆರ್‌ಸಿ ಅನ್ನೋ ಕಂಪನಿಯ ಇನ್‌ಕಂಟ್ರೋಲ್ ಅನ್ನೋ ಪುಟಾಣಿ ಫ್ರೀ ಟೂಲ್ ಇದೆ, ಇದೇ ಕೆಲಸ ಮಾಡುತ್ತೆ.

ಹಿರಿಯೂರು_ನೆಟ್:
ಇದರ ಜೊತೆ ಇನ್ನೊಂದು ಕೆಲಸ ಇದೆ, ಜಾಸ್ತಿ ಜನ ಬಿಟ್ಟುಬಿಡುತ್ತಾರೆ. ವಿಂಡೋಸ್ 10ರ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಸುಮ್ನೆ 10ರಲ್ಲೇ ಕೂತರೆ ಸೆಕ್ಯುರಿಟಿ ಅಪ್‌ಡೇಟ್ ಬರಲ್ಲ. ಸಪೋರ್ಟ್ ಮುಗಿದ ಮೇಲೂ ಸೆಕ್ಯುರಿಟಿ ಅಪ್‌ಡೇಟ್ ಕೊಡೋ ಇಎಸ್‌ಯು ಅಂತ ಸ್ಕೀಮ್ ಇದೆ, ಮನೆ ಬಳಕೆಗೆ 2026ರ ಅಕ್ಟೋಬರ್ 13ರವರೆಗೆ. 22ಎಚ್2 ಇರಬೇಕು, ಮೈಕ್ರೋಸಾಫ್ಟ್ ಖಾತೆ ಬೇಕು. ಸೆಟ್ಟಿಂಗ್ಸ್ ಬ್ಯಾಕಪ್ ಆನ್ ಮಾಡಿದರೆ ದುಡ್ಡಿಲ್ಲದೇ ಸಿಗುತ್ತೆ, ಅಪ್‌ಡೇಟ್ ಪುಟದಲ್ಲೇ ಎನ್‌ರೋಲ್ ಲಿಂಕ್ ನೋಡಿ.

ಲಗ್ನಪತ್ರಿಕೆ_ಡಿವಿಜಿ:
ರಿಜಿಸ್ಟ್ರಿ ಬರೆದು ರೀಸ್ಟಾರ್ಟ್ ಮಾಡಿದೆ, ದೊಡ್ಡ ಬಟನ್ ಮಾಯ! ಬಯಾಸ್‌ನಲ್ಲಿ (ಸಿಸ್ಟಂ ಆನ್ ಆಗುವಾಗ ತೆರೆಯೋ ಸೆಟ್ಟಿಂಗ್ಸ್) ಟಿಪಿಎಂ ಅನ್ನೋ ಸೆಕ್ಯುರಿಟಿ ಚಿಪ್ ಕೂಡ ಆಫ್ ಮಾಡು, ಆಗ 11 ಕೂರೋದೇ ಇಲ್ಲ ಅಂತ ಪರಿಚಯದವರೊಬ್ಬರು ಹೇಳುತ್ತಿದ್ದಾರೆ. ಮಾಡಲಾ?

ಸಿಸ್ಟಂ_ರಿಪೇರಿ:
ಅವರು ಹೇಳಿದ್ದು ಸರಿ, ಟಿಪಿಎಂ 2.0 ಇಲ್ಲ ಅಂದರೆ ವಿಂಡೋಸ್ ಅಪ್‌ಡೇಟ್ 11 ಕೊಡೋಕೆ ಬರಲ್ಲ. ಆದರೆ ಡಿಸ್ಕ್ ಎನ್‌ಕ್ರಿಪ್ಷನ್ (ಡಿಸ್ಕ್‌ಗೆ ಹಾಕೋ ಬೀಗ) ಆನ್ ಇದ್ದರೆ ಮುಂದಿನ ಸಲ ಸಿಸ್ಟಂ ಆನ್ ಮಾಡಿದಾಗ ಅದನ್ನು ತೆರೆಯೋ ರಿಕವರಿ ಕೀ ಕೇಳುತ್ತೆ, ಅದು ಕೈಯಲ್ಲಿಲ್ಲ ಅಂದರೆ ಗಿರಾಕಿಗಳ ಫೈಲೆಲ್ಲ ಒಳಗೇ. ಬಟನ್ ಹೋಯ್ತಲ್ಲ, ಅಲ್ಲಿಗೆ ಬಿಡಿ. ಅಕಸ್ಮಾತ್ ಯಾರಾದರೂ 11 ಹಾಕಿಯೇಬಿಟ್ಟರೆ 10 ದಿನದೊಳಗೆ ರಿಕವರಿ ಪುಟದ ಗೋ ಬ್ಯಾಕ್ ಒತ್ತಿ ವಾಪಸ್ ಬರಬಹುದು, ಅಷ್ಟರಲ್ಲಿ ಡಿಸ್ಕ್ ಕ್ಲೀನಪ್ ಮಾಡಿ ಹಳೇ ವಿಂಡೋಸ್ ಫೋಲ್ಡರ್ ಅಳಿಸಬೇಡಿ.