ಅಪ್‌ಡೇಟ್: ನೈತಿಕತೆ ಗೋಷ್ಠಿಯಿಂದ ಯಾರೂ ಎದ್ದು ಹೋಗಲಿಲ್ಲ!

ಹೋದ ವಾರ ಇಲ್ಲಿ ಕೇಳಿದ್ದೆನಲ್ಲ, ನಾವು ವಿದ್ಯಾರ್ಥಿಗಳೇ ನಡೆಸೋ ಸಿಂಥೆಟಿಕ್ ಬಯಾಲಜಿ (ಜೀವಿಗಳ ಜೀನ್‌ಗಳನ್ನ ಬೇಕಾದ ಹಾಗೆ ವಿನ್ಯಾಸ ಮಾಡೋ ವಿಜ್ಞಾನ) ವಿಚಾರ ಸಂಕಿರಣದಲ್ಲಿ ನೈತಿಕತೆ ಗೋಷ್ಠಿ ಊಟದ ನಂತರ ಇದೆ, ಜನರನ್ನ ಹಿಡಿದಿಡೋದು ಹೇಗೆ ಅಂತ. ಶನಿವಾರ ಮುಗೀತು.

ವಿಡಿಯೋ ಕಾಲ್‌ನಲ್ಲಿ ತಜ್ಞರನ್ನು ಕರೆಸೋ ಸಲಹೆ ಕೈಕೊಟ್ಟಿತು, ಧ್ವನಿ ತುಂಡು ತುಂಡಾಗಿ ಬಂತು. ಜೀನ್ ಬದಲಾಯಿಸೋ ಪ್ರಯೋಗಗಳ ಸುರಕ್ಷತೆ ಬಗ್ಗೆ ವಿಜ್ಞಾನಿಗಳು ಸೇರಿ ಚರ್ಚಿಸಿದ 1975ರ ಅಸಿಲೋಮಾರ್ ಸಭೆಯ ಸ್ಲೈಡ್‌ಗಳಿಗೂ ಯಾರೂ ತಲೆ ಎತ್ತಲಿಲ್ಲ.

ಕೆಲಸ ಮಾಡಿದ್ದು "ಬದನೆಕಾಯಿಯಿಂದ ಶುರು ಮಾಡಿ" ಅಂದವರ ಮಾತು. ತುಂಬಾ ಥ್ಯಾಂಕ್ಸ್! ಗೆಳತಿ ಊರಿಂದ ತಂದ ಮಟ್ಟು ಗುಳ್ಳ (ಉಡುಪಿ ಗುಳ್ಳ ಅಂತಲೂ ಕರೆಯೋ ಬದನೆ) ಮೇಜಿನ ಮೇಲಿಟ್ಟೆವು. ದುಂಡಗೆ, ತಿಳಿಹಸಿರು, ತೊಟ್ಟಲ್ಲಿ ಮುಳ್ಳು. ಎಲ್ಲರೂ ಮುಟ್ಟಿ ನೋಡಿದರು. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಬಿಟಿ ಜೀನ್ (ಕಾಯಿಕೊರಕ ಹುಳು ತಡೆಯೋಕೆ ಬ್ಯಾಕ್ಟೀರಿಯಾದಿಂದ ತೆಗೆದದ್ದು) ಸೇರಿಸಿದ ಬದನೆ ತಳಿಗಳಲ್ಲಿ ಉಡುಪಿ ಗುಳ್ಳವೂ ಇತ್ತು ಅನ್ನೋದು ನನಗೇ ಗೊತ್ತಿರಲಿಲ್ಲ. 2010ರ ಫೆಬ್ರವರಿಯಲ್ಲಿ ಕೇಂದ್ರ ಬಿಟಿ ಬದನೆಗೆ ತಡೆ ಹಾಕೋ ಮೊದಲು ಬೆಂಗಳೂರಲ್ಲೂ ಸಾರ್ವಜನಿಕ ಸಭೆ ಆಗಿತ್ತಂತೆ.

ಬಿಟಿ ಬದನೆ ಸಿಂಥೆಟಿಕ್ ಬಯಾಲಜಿ ಅಲ್ಲ ಅಂತ ಸೀನಿಯರ್ ಒಬ್ಬರು ತಕರಾರು ತೆಗೆದರು, ನಿಜವೇ. ಆದರೆ ಅಲ್ಲಿಂದಲೇ ಮಾತು ಯೀಸ್ಟ್ ಬಳಸಿ ತಯಾರಿಸೋ ಆರ್ಟೆಮಿಸಿನಿನ್‌ಗೆ ಹೊರಳಿತು. ಗಿಡದಿಂದ ತೆಗೆಯೋ ಈ ಮಲೇರಿಯಾ ಔಷಧಿ ಟ್ಯಾಂಕ್‌ನಲ್ಲೇ ತಯಾರಾದರೆ ಆ ಗಿಡ ಬೆಳೆಯೋ ರೈತರ ಗತಿ ಏನು? ಈ ಒಂದು ಪ್ರಶ್ನೆಗೇ ಮುಕ್ಕಾಲು ಗಂಟೆ ಹೋಯ್ತು, ಟೀ ಆರಿಹೋಗಿತ್ತು.