ಬಾತುಕೋಳಿ ಮರಿ ಚಿಪ್ಪೊಳಗೇ ಸಾಯುತ್ತಿವೆ, ತೇವ ಎಷ್ಟಿರಬೇಕು?

ಚಿಂತಾಮಣಿ_ರೈತ: ಖಾಕಿ ಕ್ಯಾಂಪ್‌ಬೆಲ್ ತಳಿ ಬಾತಿನ ಮೊಟ್ಟೆ, ಫ್ಯಾನ್ ಇರುವ ಸಣ್ಣ ಇನ್‌ಕ್ಯುಬೇಟರ್. ಶಾಖ 37.5 ಡಿಗ್ರಿ, ತೇವಾಂಶ ಮೊದಲಿಂದಲೂ ಶೇ. 45ರ ಆಸುಪಾಸು. 25ನೇ ದಿನ ಟಾರ್ಚ್ ಹಿಡಿದರೆ ಮರಿ ಆಡುತ್ತೆ. ಆಮೇಲೆ ಚಿಪ್ಪು ಕುಕ್ಕಿ ಅಲ್ಲೇ ನಿಲ್ಲುತ್ತೆ. ಒಡೆದು ನೋಡಿದರೆ ಒಳಪೊರೆ ಒಣಗಿ ಮೈಗೆ ಅಂಟಿರುತ್ತೆ. ಇದೇ ಮೆಷಿನ್‌ನಲ್ಲಿ ಕೋಳಿಮರಿ ಚೆನ್ನಾಗಿ ಬರುತ್ತೆ. ಎಲ್ಲಿ ತಪ್ಪು?

ಕೋಲಾರ_ಫಾರಂ: ಶಾಖ ಸರಿಯಿದೆ, ತೇವ ಸಾಲದು. ಬಾತು ಮೊಟ್ಟೆಗೆ ಮೊದಲ 25 ದಿನ 55–60, ಆಮೇಲೆ 70–75 ಬೇಕು. ನಮ್ಮ ಕಡೆ ಮಾರ್ಚ್–ಏಪ್ರಿಲ್ ಗಾಳಿಗೆ ಒಂದು ಬಟ್ಟಲು ನೀರು ಏನೂ ಅಲ್ಲ. ಆಳದ ಲೋಟ ಬೇಡ, ಅಗಲ ತಟ್ಟೆ ಇಡಿ, ನೀರಿನ ಮೇಲ್ಮೈ ಹೆಚ್ಚಿದಷ್ಟೂ ತೇವ ಏರುತ್ತೆ. 25ನೇ ದಿನ ತಿರುಗಿಸುವುದು ನಿಲ್ಲಿಸಿ, ಮುಚ್ಚಳ ಮುಟ್ಟಬೇಡಿ. ಕುಕ್ಕಿದ ಮರಿ ಹೊರಬರಲು 24ರಿಂದ 48 ಗಂಟೆ ಹಿಡಿಯುತ್ತೆ, ಆತುರಕ್ಕೆ ಚಿಪ್ಪು ಸುಲಿದರೆ ರಕ್ತ ಸೋರಿ ಸಾಯುತ್ತೆ.

ಅಗ್ಗದ ತೇವದ ಮೀಟರ್ ಸುಳ್ಳು ಹೇಳೋದು ಹೆಚ್ಚು. ಉಪ್ಪಿಗೆ ಸ್ವಲ್ಪ ನೀರು ಹಾಕಿ ಮುದ್ದೆ ಮಾಡಿ, ಮೀಟರ್ ಜೊತೆ ಬಿಗಿಯಾದ ಡಬ್ಬಿಯಲ್ಲಿ ರಾತ್ರಿಯಿಡೀ ಇಡಿ. 75 ತೋರಿಸಬೇಕು. ವ್ಯತ್ಯಾಸ ಎಷ್ಟಿದೆಯೋ ಅಷ್ಟು ಕೂಡಿ, ಕಳೆದು ಓದಿ. ಅದಕ್ಕಿಂತ ನಂಬಿಕಸ್ತ ಅಂದ್ರೆ ತಕ್ಕಡಿ: 70 ಗ್ರಾಂ ಮೊಟ್ಟೆ ವಾರಕ್ಕೆ ಸುಮಾರು 2.5 ಗ್ರಾಂ ಇಳಿದು, 25ನೇ ದಿನ 60–61 ಆಗಿರಬೇಕು. 64ರಲ್ಲೇ ನಿಂತರೆ ತೇವ ಜಾಸ್ತಿಯಾಗಿದೆ ಅಂತ, ಮೊಟ್ಟೆಯೊಳಗಿನ ಗಾಳಿಚೀಲ ಚಿಕ್ಕದಾಗಿ ಮರಿ ಉಸಿರುಕಟ್ಟುತ್ತೆ.

ಶಿರಾ_ಬಾತು: ಮೇಲಿನವರು ಹೇಳಿದ್ದು ಸರಿ. 8ರಿಂದ 24ನೇ ದಿನದವರೆಗೆ ದಿನಕ್ಕೊಮ್ಮೆ 10 ನಿಮಿಷ ತೆರೆದಿಟ್ಟು ಬೆಚ್ಚನೆ ನೀರು ಸಿಂಪಡಿಸೋದೂ ಇದೆ. ಬಲಿತ ಭ್ರೂಣ ತಾನೇ ಶಾಖ ಬಿಡುತ್ತೆ, ಅದಕ್ಕೇ ಹೀಗೆ ತಂಪು ಮಾಡೋದು. ತಾಯಿ ಬಾತಿಗೆ ಕಡಲೆಕಾಯಿ ಹಿಂಡಿ ಹಾಕ್ತೀರಾ? ಬೂಷ್ಟು ಹಿಡಿದಿದ್ದರೆ ಬಿಸಾಕಿ ಅಣ್ಣಾ. ಅದರ ಅಫ್ಲಾಟಾಕ್ಸಿನ್ ಅನ್ನೋ ವಿಷ ಕೋಳಿಗಿಂತ ಬಾತಿನ ಈಲಿಗೆ ಬೇಗ ಪೆಟ್ಟು ಕೊಡುತ್ತೆ.

ಗೌರಿಬಿದನೂರು_ನಾಟಿ: ಖಾಕಿ ಕಾವಿಗೆ ಕೂರೋದು ಅಪರೂಪ. ಕರೆಂಟು ನಂಬಲಾಗದಿದ್ದರೆ ನಾಟಿ ಹೇಂಟೆ ಕೆಳಗೆ 6–8 ಮೊಟ್ಟೆ ಇಡಿ. ಬಾತು ಮೊಟ್ಟೆ ಹೇಂಟೆಗೆ ಭಾರ ಆಗುವುದರಿಂದ ದಿನಕ್ಕೆರಡು ಸಲ ಕೈಯಲ್ಲೇ ತಿರುಗಿಸಬೇಕು. ಕೂಡಿಟ್ಟ ಮೊಟ್ಟೆ ವಾರ ದಾಟಬಾರದು, ಫ್ರಿಜ್ ಬೇಡ.

ಚಿಂತಾಮಣಿ_ರೈತ: ಕೋಳಿ ಮೊಟ್ಟೆ ಜೊತೆಗೇ ಇಡಬಹುದಾ?

ಕೋಲಾರ_ಫಾರಂ: ಒಂದೇ ದಿನ ಇಡಬೇಡಿ. ಬಾತು 28 ದಿನ, ಕೋಳಿ 21. ಬಾತು ಇಟ್ಟ ಏಳು ದಿನಕ್ಕೆ ಕೋಳಿ ಮೊಟ್ಟೆ ಸೇರಿಸಿ, ಎರಡಕ್ಕೂ ತೇವ ಏರಿಸುವ ದಿನ ಒಂದೇ ಆಗುತ್ತೆ. ಮಸ್ಕೊವಿ ಜಾತಿಯ ಬಾತು ಆದರೆ ಈ ಲೆಕ್ಕ ನಡೆಯಲ್ಲ, ಅದಕ್ಕೆ 35.