ಗಟ್ಟಿ ಜೆಲ್‌ನೊಳಗೆ ಕೋಶ ಏಕೆ ಉಂಡೆಯಾಗಿಯೇ ಉಳಿಯುತ್ತದೆ?

ಪ್ರಶ್ನೆ: ಮೇಡಂ, ಮೂಳೆಮಜ್ಜೆಯ ಮೆಸೆಂಕೈಮಲ್ ಕಾಂಡಕೋಶಗಳನ್ನು (ಮೂಳೆ, ಕೊಬ್ಬು ಮುಂತಾದ ಕೋಶಗಳಾಗಬಲ್ಲವು) ಪಿಇಜಿ ಎಂಬ ಕೃತಕ ಪಾಲಿಮರ್‌ನ, ನೀರು ತುಂಬಿದ ಹೈಡ್ರೋಜೆಲ್‌ನಲ್ಲಿ ಬೆಳೆಸುತ್ತಿದ್ದೇನೆ. ಕೋಶಗಳಿಗೆ ಹಿಡಿತ ಸಿಗಲೆಂದು ಆರ್‌ಜಿಡಿ ಪೆಪ್ಟೈಡ್ ಸೇರಿಸಿದ್ದೇನೆ; ಗಡಸುತನ ಸುಮಾರು 20 ಕಿಲೋಪಾಸ್ಕಲ್. ಜೆಲ್‌ನ ಮೇಲ್ಮೈಯಲ್ಲಿ ಬಿಟ್ಟಾಗ ಕೋಶಗಳು ಚಾಚಿಕೊಂಡವು, ಕೋಶ ಬಿಗಿತವನ್ನು ಗ್ರಹಿಸಿದಾಗ ಕೋಶಕೇಂದ್ರಕ್ಕೆ ಸೇರುವ ವೈಎಪಿ ಪ್ರೋಟೀನ್ ಅಲ್ಲಿ ಕಂಡಿತು. ಅದೇ ಜೆಲ್‌ನೊಳಗೆ ಹುದುಗಿಸಿದರೆ ಏಳು ದಿನವಾದರೂ ಉಂಡೆಯಾಗಿವೆ, ವೈಎಪಿ ಕೇಂದ್ರದ ಹೊರಗೇ ಇದೆ. ನಾನು ಎಲ್ಲಿ ತಪ್ಪಿದೆ?

ಉತ್ತರ: ಮೊದಲು ಕೋಶಗಳು ಬದುಕಿವೆಯೇ ಎಂದು ಬಣ್ಣ ಹಾಕಿ ಖಚಿತಪಡಿಸಿಕೊಳ್ಳಿ. ಬದುಕಿದ್ದರೆ ನೀವು ತಪ್ಪಿಲ್ಲ. ಕೋಶಗಳು ನಿಮಗೆ ನಿಜವನ್ನೇ ಹೇಳುತ್ತಿವೆ.

ಮೆದು ಜೆಲ್‌ನಲ್ಲಿ ನರಕೋಶದ ಲಕ್ಷಣ, ಗಟ್ಟಿ ಜೆಲ್‌ನಲ್ಲಿ ಮೂಳೆಯ ಲಕ್ಷಣ ಎಂದು ತೋರಿಸಿದ 2006ರ ಪ್ರಸಿದ್ಧ ಪ್ರಯೋಗ ನಡೆದದ್ದು ಜೆಲ್‌ನ ಮೇಲೆ. ಅಲ್ಲಿ ಕೋಶಕ್ಕೆ ಚಾಚಿಕೊಳ್ಳಲು ಅಡ್ಡಿಯೇ ಇಲ್ಲ. ಒಳಗಿನ ಕಥೆ ಬೇರೆ. ನಿಮ್ಮ ಜೆಲ್‌ನ ಜಾಲರಂಧ್ರಗಳು ನ್ಯಾನೋಮೀಟರ್‌ಗಳಲ್ಲಿವೆ, ಕೋಶವೋ ಹತ್ತಾರು ಮೈಕ್ರೋಮೀಟರ್. ದಾರಿ ಬೇಕೆಂದರೆ ಅದು ಸುತ್ತಲಿನ ಪ್ರೋಟೀನನ್ನು ಕತ್ತರಿಸುವ ತನ್ನ ಎಂಎಂಪಿ ಕಿಣ್ವಗಳಿಂದ ಜಾಲವನ್ನು ಕತ್ತರಿಸಬೇಕು. ಬರಿಯ ಪಿಇಜಿಯಲ್ಲಿ ಆ ಕಿಣ್ವ ಕಚ್ಚುವಂಥ ಕೊಂಡಿಯೇ ಇಲ್ಲ. ಚಾಚಲಾಗದ ಕೋಶದ ಹೊರಪೊರೆಯಲ್ಲಿ ಹಿಡಿಕೆಯಂತಿರುವ ಇಂಟೆಗ್ರಿನ್‌ಗಳು ಆರ್‌ಜಿಡಿಯನ್ನು ಹಿಡಿದರೂ ಜಗ್ಗಲಾರವು. ಜಗ್ಗಾಟವಿಲ್ಲದೆ ಅವು ಗುಂಪುಗೂಡುವುದು ಕಡಿಮೆ, ಎಫ್‌ಎಕೆ (ಹಿಡಿತದ ಸುದ್ದಿಯನ್ನು ಕೋಶದೊಳಗೆ ಸಾಗಿಸುವ ಕಿಣ್ವ) ಸಂಕೇತ ದುರ್ಬಲ, ಕೋಶದ ಚೌಕಟ್ಟಾದ ಆಕ್ಟಿನ್ ಎಳೆಗಳಲ್ಲಿ ಬಿಗಿತವಿಲ್ಲ. ಹಾಗಾಗಿ ವೈಎಪಿ ಹೊರಗೇ ಉಳಿಯುತ್ತದೆ. ಗಡಸುತನ ಹೆಚ್ಚಿಸಲು ಅಡ್ಡಕೊಂಡಿಗಳನ್ನು ಸೇರಿಸುತ್ತಾ ಹೋದಂತೆ ಸೆರೆಮನೆಯನ್ನೂ ಬಿಗಿ ಮಾಡುತ್ತೀರಿ.

ಹಯಲುರಾನಿಕ್ ಆಮ್ಲದ ಜೆಲ್‌ಗಳಲ್ಲಿ 2013ರಲ್ಲಿ ಇದು ಸೊಗಸಾಗಿ ಸಾಬೀತಾಯಿತು: ಗಡಸುತನ ಹೆಚ್ಚುಕಡಿಮೆ ಒಂದೇ ಇದ್ದರೂ, ಕತ್ತರಿಸಬಹುದಾದ ಜಾಲದಲ್ಲಿ ಕಾಂಡಕೋಶಗಳು ಮೂಳೆಯತ್ತ, ಕತ್ತರಿಸಲಾಗದ್ದರಲ್ಲಿ ಕೊಬ್ಬಿನತ್ತ ವಾಲಿದವು. ನನಗೆ ಈ ಕ್ಷೇತ್ರದಲ್ಲಿ ಅತ್ಯಂತ ಇಷ್ಟವಾದ ಫಲಿತಾಂಶ ಇದು.

ಇನ್ನೊಬ್ಬ ಸದಸ್ಯರ ಪ್ರಶ್ನೆ: ಕಡಲಪಾಚಿಯಿಂದ ಸಿಗುವ ಆಲ್ಜಿನೇಟನ್ನು ಸಸ್ತನಿಗಳ ಕೋಶಗಳು ಕತ್ತರಿಸಲಾರವಲ್ಲ? ಆದರೂ ಅದರೊಳಗೆ ಮೂಳೆಯ ಲಕ್ಷಣ ಬರುವುದು ಹೇಗೆ?

ಉತ್ತರ: ಒಳ್ಳೆಯ ಪ್ರಶ್ನೆ. ಅಲ್ಲಿ ಕೊಂಡಿ ಹಾಕುವುದು ಕ್ಯಾಲ್ಸಿಯಂ ಅಯಾನು. ಕೋಶ ಎಳೆದಾಗ ಆ ಕೊಂಡಿಗಳು ಬಿಟ್ಟು ಮತ್ತೆ ಬೇರೆಡೆ ಕೂಡಿಕೊಳ್ಳುತ್ತವೆ. ಜೆಲ್ ಎಳೆತಕ್ಕೆ ಕ್ರಮೇಣ ಮಣಿಯುತ್ತದೆ. ಬೇಗ ಮಣಿಯುವ ಜೆಲ್‌ನಲ್ಲಿ ಕೋಶ ಚೆನ್ನಾಗಿ ಹರಡಿಕೊಳ್ಳುತ್ತದೆ, ಮೂಳೆಯತ್ತಲೂ ವಾಲುತ್ತದೆ. ಆದರೆ ಆಲ್ಜಿನೇಟ್‌ಗೆ ಇಂಟೆಗ್ರಿನ್ ಅಂಟುವುದಿಲ್ಲ, ಆರ್‌ಜಿಡಿಯನ್ನು ನೀವೇ ಜೋಡಿಸಬೇಕು.

ಮೊದಲ ಸದಸ್ಯರ ಪ್ರಶ್ನೆ: ಹಾಗಾದರೆ ನಾನು ನೇರವಾಗಿ ಮ್ಯಾಟ್ರಿಜೆಲ್ ಎಂಬ ಸಿದ್ಧ ಜೆಲ್ ಬಳಸಲೇ?

ಉತ್ತರ: ನಿಮ್ಮ ಪ್ರಶ್ನೆಗೆ ಬೇಡ. ಅದು ಇಲಿಯ ಕ್ಯಾನ್ಸರ್ ಗೆಡ್ಡೆಯಿಂದ ತೆಗೆದದ್ದು. ಕೋಶ ಅಂಟಿಕೊಳ್ಳುವ ಲ್ಯಾಮಿನಿನ್ ಪ್ರೋಟೀನ್ ಜೊತೆಗೆ ಬೆಳವಣಿಗೆಯ ಅಂಶಗಳೂ ಇರುತ್ತವೆ, ತಯಾರಿಕೆಯ ಕಂತಿನಿಂದ ಕಂತಿಗೆ ಬದಲಾಗುತ್ತದೆ. ಸಂಕೇತ ಬಂದರೂ ಯಾವುದರಿಂದ ಬಂತೆಂದು ಹೇಳಲಾರಿರಿ. ಪಿಇಜಿಯನ್ನೇ ಉಳಿಸಿಕೊಂಡು ಕೊಂಡಿಯನ್ನಷ್ಟೇ ಎಂಎಂಪಿ ಕತ್ತರಿಸುವ ಪೆಪ್ಟೈಡ್‌ಗೆ ಬದಲಿಸಿ. ಪಕ್ಕದಲ್ಲಿ ಹೋಲಿಕೆಗೆ, ಅದೇ ಅಮೈನೋ ಆಮ್ಲಗಳ ಅನುಕ್ರಮವನ್ನು ಅದಲುಬದಲು ಮಾಡಿದ, ಕಿಣ್ವಕ್ಕೆ ಸಿಗದ ಪೆಪ್ಟೈಡ್‌ನ ಜೆಲ್ ಇರಲಿ. ಎರಡರ ಗಡಸುತನವನ್ನೂ ರಿಯಾಮೀಟರ್‌ನಲ್ಲಿ ಅಳೆದು ಹೊಂದಿಸಿ. ವೈಎಪಿ ಒಳಗೆ ಹೋದರೆ, ಬ್ಲೆಬಿಸ್ಟ್ಯಾಟಿನ್ ಎಂಬ ರಾಸಾಯನಿಕ ಕೊಟ್ಟು, ಆಕ್ಟಿನ್ ಎಳೆಗಳನ್ನು ಎಳೆಯುವ ಮಯೋಸಿನ್‌ನ ಜಗ್ಗಾಟ ನಿಲ್ಲಿಸಿ, ಅದು ಮತ್ತೆ ಹೊರಬರುತ್ತದೆಯೇ ಎಂದು ನೋಡಿ.